ಎಂಟನೇತ್ತದ ನಾಕು ತಿಂಗಳು

ಹತ್ತನೇತ್ತದ ಫಲಿತಾಂಶ ಬಂದ ದಿನ ಎಲ್ಲರೂ ತಲೆ ಮೇಲೆ ಕೈಹೊತ್ತು ಕೂರುತ್ತೇವೆ. ಲೆಕ್ಕ ತಪ್ಪುವುದು ಮೂರು ವರ್ಷ ಮೊದಲು, ಎಂಟನೇತ್ತದ ಮೊದಲ ಅವಧಿಯಲ್ಲಿ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹೈಸ್ಕೂಲುಗಳಲ್ಲಿ ಜೂನ್‌ನಿಂದ ದಸರೆಯ ತನಕ ಆಗುವುದೇನು?

ಬೀಕರಿನಲ್ಲಿ ಅರ್ಧ ನೀರು. ಅದರೊಳಗೆ ಒಂದು ಹಿಡಿ ಗೋದಿ. ಮೇಜಿನ ಸುತ್ತ ಮಕ್ಕಳ ತಲೆಗಳು ಒಂದರ ಮೇಲೊಂದು. ಹೆಚ್ಚಿನ ಕಾಳು ಸರಸರನೆ ತಳ ಸೇರುತ್ತವೆ, ಐದಾರು ಮೇಲೇ ಉಳಿಯುತ್ತವೆ.

‘ಇವು ಯಾಕ ತೇಲಾಕತ್ತಾವ?’ ಎಂದು ವಿಜ್ಞಾನದ ಮೇಡಂ ಕೇಳಿ ಮುಗಿಸುವುದರೊಳಗೆ ಹಿಂದಿನ ಸಾಲಿನಿಂದ ಉತ್ತರ: ‘ಜಳ್ಳ ಅದಾವ್ರಿ ಮೇಡಂ. ಒಳಗ ಏನೂ ಇಲ್ರಿ.’

ಹುಳ ಹತ್ತಿದ, ಕೆಟ್ಟ ಬೀಜ ಟೊಳ್ಳಾಗಿ ಹಗುರಾಗುತ್ತದೆ, ಅದಕ್ಕೇ ತೇಲುತ್ತದೆ. ಪುಸ್ತಕ ಇದನ್ನು ಹೇಳಲು ಒಂದು ಪ್ಯಾರಾ ತೆಗೆದುಕೊಂಡಿದೆ. ಹುಡುಗನಿಗೆ ಆರು ಶಬ್ದ ಸಾಕು.

ಜೂನ್ ತಿಂಗಳಲ್ಲಿ ಈ ಭಾಗದ ಯಾವುದೇ ಹೈಸ್ಕೂಲಿಗೆ ಹೋದರೂ ಕಾಣುವ ದೃಶ್ಯ ಇದು. ಎಂಟನೇತ್ತದ ವಿಜ್ಞಾನದ ಮೊದಲ ಪಾಠವೇ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’. ಪಾಠ ನಡೆದಿರುವಾಗಲೇ ಕಾಂಪೌಂಡಿನ ಆಚೆ ಎರೆ ಹೊಲದಲ್ಲಿ ಕೂರಿಗಿ ಹೂಡಿರುತ್ತಾರೆ. ಮುಂಗಾರಿನ ಹೆಸರು, ಸೋಯಾ, ಶೇಂಗಾ, ಗೋವಿನಜೋಳ, ಹತ್ತಿ. ಪುಸ್ತಕದಲ್ಲಿ ನೇಗಿಲು, ಕಲ್ಟಿವೇಟರ್, ಬಿತ್ತನೆ ಯಂತ್ರದ ಚಿತ್ರಗಳಿವೆ. ಮಕ್ಕಳು ಅವಕ್ಕೆ ರಂಟಿ, ಕುಂಟಿ, ಕೂರಿಗಿ ಎಂದು ಮನೆಯ ಹೆಸರು ಹಚ್ಚಿಕೊಂಡು ಮುಂದೆ ಹೋಗುತ್ತಾರೆ. ಇಡೀ ವರ್ಷದಲ್ಲಿ ಇಷ್ಟು ಕೈ ಮೇಲೇಳುವ ಪಾಠ ಇನ್ನೊಂದಿಲ್ಲ.

ಇದೊಂದೇ ಅಲ್ಲ. ಕನ್ನಡ ಪುಸ್ತಕ ತೆರೆದರೆ ಮೊದಲ ಗದ್ಯ ಬಾಗಲೋಡಿ ದೇವರಾಯರ ‘ಮಗ್ಗದ ಸಾಹೇಬ’. ರಾಮದುರ್ಗ, ಸುರೇಬಾನದ ನೇಕಾರರ ಓಣಿಯಿಂದ ಬರುವ ಮಕ್ಕಳಿಗೆ ಮಗ್ಗದ ಸಪ್ಪಳ ಜೋಗುಳದಷ್ಟೇ ಹಳೆಯದು. ಸಮಾಜ ವಿಜ್ಞಾನ ತೆರೆದರೆ ಇತಿಹಾಸದ ಮೊದಲ ಅಧ್ಯಾಯ ‘ಆಧಾರಗಳು’. ಶಾಸನ, ನಾಣ್ಯ, ಸ್ಮಾರಕಗಳಿಂದ ಇತಿಹಾಸ ಕಟ್ಟುವುದು ಹೇಗೆ ಎಂಬ ಪಾಠ. ಸವದತ್ತಿಯ ಹುಡುಗಿಗೆ ಇದಕ್ಕಾಗಿ ಮ್ಯೂಸಿಯಂ ಬೇಕಿಲ್ಲ. ರಟ್ಟರು ಮೊದಲು ರಾಷ್ಟ್ರಕೂಟರ, ಆಮೇಲೆ ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಆಳಿದ್ದು ಅವಳ ಊರಿನಿಂದಲೇ. ಅವರ ಶಾಸನಗಳು ಅಲ್ಲೇ ಸಿಕ್ಕವು. ಹತ್ತಿರದ ಹೂಲಿಯಲ್ಲಿ ಪಂಚಲಿಂಗೇಶ್ವರ ಗುಡಿಯಿದೆ. ಕಿತ್ತೂರಿನ ಹುಡುಗ ಸೈಕಲ್ ಹತ್ತಿದರೆ ದೇಗಾವಿಯ ಕಮಲನಾರಾಯಣ ಗುಡಿ ಮುಟ್ಟುತ್ತಾನೆ. ಗೋವೆಯ ಕದಂಬರ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ್ದು.

ಮೂರು ವಿಷಯ, ಮೂರು ಮೊದಲ ಪಾಠ. ಹೊಲ, ಮಗ್ಗ, ಕಲ್ಲು. ಪಠ್ಯಪುಸ್ತಕ ಬರೆದವರು ಈ ನಾಲ್ಕು ತಾಲ್ಲೂಕುಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದಿರಲಿಕ್ಕಿಲ್ಲ. ಆದರೂ ಈ ಮೂರೂ ವರ್ಗದ ಕಿಟಕಿಯಾಚೆಯೇ ಇವೆ. ಎಷ್ಟು ಶಾಲೆಗಳು ಮಕ್ಕಳನ್ನು ಕರೆದುಕೊಂಡು ಆ ಕಿಟಕಿ ದಾಟುತ್ತವೆ ಎಂಬುದು ಬೇರೆ ಮಾತು. ಪೋರ್ಷನ್ ಮುಗಿಸಬೇಕಲ್ಲ!

ಬಾಕ್ಸ್: ನಾಲ್ಕು ತಾಲ್ಲೂಕು, ಒಂದು ಹೊಳೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಎಂ.ಕೆ. ಹುಬ್ಬಳ್ಳಿಯ ಮೇಲೆ ಹಾಯ್ದು, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕು, ರಾಮದುರ್ಗ ದಾಟಿ ಬಾದಾಮಿ ಸೀಮೆಗೆ ಇಳಿಯುತ್ತದೆ. ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ನವಿಲುತೀರ್ಥದ ರೇಣುಕಾಸಾಗರದಲ್ಲಿ 37.73 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ಕಿತ್ತೂರು ಮೊದಲು ಬೈಲಹೊಂಗಲ ತಾಲ್ಲೂಕಿನ ಭಾಗವಾಗಿತ್ತು. ಬೆಳಗಾವಿ ಕಂದಾಯ ಜಿಲ್ಲೆ ಒಂದೇ ಆದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಬೆಳಗಾವಿ, ಚಿಕ್ಕೋಡಿ ಎಂದು ಎರಡು ಜಿಲ್ಲೆ. ಈ ನಾಲ್ಕೂ ಬೆಳಗಾವಿಯ ಪಾಲಿಗೆ.

ಹಾಗಾದರೆ ತೊಂದರೆ ಎಲ್ಲಿ? ಮುಂದಿನ ಪಿರಿಯಡ್ ಗಣಿತ. ಅಲ್ಲಿಗೆ ಹೋಗೋಣ.

ಇಬ್ಬರು ಅಣ್ಣತಮ್ಮಂದಿರು ಒಂದು ಎಕರೆ ಹೊಲ ಹಂಚಿಕೊಳ್ಳುತ್ತಾರೆ. ಅಣ್ಣನಿಗೆ ತಮ್ಮನಿಗಿಂತ 6 ಗುಂಟೆ ಹೆಚ್ಚು. ಯಾರಿಗೆ ಎಷ್ಟು? ಈ ಪ್ರಶ್ನೆಯನ್ನು ಬಾಯಲ್ಲಿ ಕೇಳಿ ನೋಡಿ. ಎಕರೆಗೆ 40 ಗುಂಟೆ ಎಂಬುದನ್ನು ಹೇಳುವ ಅಗತ್ಯವೂ ಬೀಳುವುದಿಲ್ಲ. ಆರು ಬದಿಗಿಟ್ಟು ಉಳಿದ ಮೂವತ್ತನಾಲ್ಕನ್ನು ಇಬ್ಬರಿಗೂ ಸಮ ಹಂಚಿ, ಆರನ್ನು ಮತ್ತೆ ಅಣ್ಣನ ಕಡೆ ಸೇರಿಸಿ ‘ಹದಿನೇಳು, ಇಪ್ಪತ್ಮೂರು’ ಎನ್ನುವವರು ವರ್ಗದಲ್ಲಿ ಇದ್ದೇ ಇರುತ್ತಾರೆ. ಪಾಲಿನ ಪಂಚಾಯಿತಿಯನ್ನು ಕಟ್ಟೆಯ ಬದಿ ಕುಳಿತು ಕೇಳಿಸಿಕೊಂಡ ಮಕ್ಕಳು ಅವರು.

ಈಗ ಅದನ್ನೇ ಬೋರ್ಡಿನ ಮೇಲೆ ಬರೆಯಿರಿ: x + (x + 6) = 40. ತಟ್ಟನೆ ಮೌನ.

ಲೆಕ್ಕ ಬರದ ಮಗುವಲ್ಲ ಅದು. ಈಗಷ್ಟೇ ಬಾಯಲ್ಲಿ ಮಾಡಿ ತೋರಿಸಿದೆ. ಬಾಯಲ್ಲಿ ಮಾಡಿದ್ದಕ್ಕೂ ಬೋರ್ಡಿನ ಮೇಲಿರುವುದಕ್ಕೂ ಸಂಬಂಧ ಇದೆ ಎಂದು ಯಾರೂ ಅದಕ್ಕೆ ಸಾವಕಾಶವಾಗಿ ತೋರಿಸಿಲ್ಲ, ಅಷ್ಟೇ. ಹಾಗೆ ತೋರಿಸಲು ಒಂದು ವಾರ ಬೇಕು. ಎಂಟನೇತ್ತದ ಮೊದಲ ಅವಧಿಯಲ್ಲಿ ಆ ವಾರ ಸಿಕ್ಕರೆ ಮಗು ದಡ ಮುಟ್ಟಿತು. ಸಿಗದಿದ್ದರೆ ಒಂಬತ್ತನೇತ್ತದಲ್ಲಿ ಬಹುಪದೋಕ್ತಿ, ಹತ್ತನೇತ್ತದಲ್ಲಿ ವರ್ಗಸಮೀಕರಣ ಸಾಲುಗಟ್ಟಿ ಬಂದು ನಿಲ್ಲುತ್ತವೆ. ಮೊದಲ ಮೆಟ್ಟಿಲು ತಪ್ಪಿದ ಹುಡುಗ ಆಮೇಲೆ ಗೈಡಿನ ಉತ್ತರ ಬಾಯಿಪಾಠ ಮಾಡುತ್ತಾನೆ. ಇಂಗ್ಲಿಷಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಅಲ್ಲಿ ಕಿಟಕಿಯಾಚೆ ನೋಡಿ ಉತ್ತರ ಹೇಳುವ ಅನುಕೂಲವೂ ಇಲ್ಲ.

ಬುನಾದಿಯಲ್ಲಿ ಬಿರುಕಿದೆ ಎಂಬುದಕ್ಕೆ ರಾಜ್ಯದ ಅಂಕಿಯೇ ಸಾಕ್ಷಿ. ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಸಿಸಿಟಿವಿ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ್ದೇ ತಡ, ಕೃಪಾಂಕ ಹೆಚ್ಚಿಸಿದ ಮೇಲೂ ಅದು ಶೇ 73.40ಕ್ಕೆ ಇಳಿಯಿತು. ಎಲ್ಲರೂ ಹತ್ತನೇತ್ತದ ಮಾಸ್ತರರ ಮೇಲೆ ಹರಿಹಾಯ್ದರು. ವಿಶೇಷ ತರಗತಿ, ರಾತ್ರಿ ಓದು, ಗುಂಪು ಅಧ್ಯಯನ ಎಲ್ಲ ಹತ್ತನೇತ್ತಕ್ಕೇ. ಎಂಟನೇತ್ತದ ಕಡೆ ತಿರುಗಿ ನೋಡಿದವರು ಕಡಿಮೆ.

ಹೈಸ್ಕೂಲಿನ ಹೊಸ್ತಿಲು ದಾಟುವುದೂ ಸಣ್ಣ ಮಾತಲ್ಲ. ಏಳನೇತ್ತದ ತನಕ ಊರಿನ ಕನ್ನಡ ಸಾಲಿ. ಹೆಚ್ಚುಕಡಿಮೆ ಒಬ್ಬರೇ ಮಾಸ್ತರು ಅಥವಾ ಅಕ್ಕೋರು, ಮನೆಯ ಮಂದಿಯ ಹೆಸರು ಹಿಡಿದು ಕರೆಯುವವರು. ಎಂಟಕ್ಕೆ ಬಂದರೆ ವಿಷಯಕ್ಕೊಬ್ಬರು. ಗಂಟೆ ಬಾರಿಸಿದರೆ ಒಬ್ಬರು ಹೋಗಿ ಇನ್ನೊಬ್ಬರು. ಸುತ್ತಲ ಐದಾರು ಹಳ್ಳಿಯ ಮಕ್ಕಳು ಒಂದೇ ಕೋಣೆಗೆ ಬಂದು ಬೀಳುತ್ತಾರೆ. ಒಬ್ಬನಿಗೆ ಭಾಗಾಕಾರ ಸರಾಗ, ಪಕ್ಕದವನಿಗೆ ಕನ್ನಡ ಓದುವುದೇ ಪ್ರಯಾಸ. ಇದನ್ನು ಸರಿದೂಗಿಸಲೆಂದೇ ವರ್ಷದ ಆರಂಭಕ್ಕೆ ‘ಸೇತುಬಂಧ’ ಎಂಬ ಕಾರ್ಯಕ್ರಮವಿದೆ. ಕೋವಿಡ್‌ನಿಂದ ಎರಡು ವರ್ಷ ಕಳೆದುಕೊಂಡ ಮೇಲೆ 2022ರಲ್ಲಿ ‘ಕಲಿಕಾ ಚೇತರಿಕೆ’ ಎಂದು ಹೆಸರಿಟ್ಟು ಎರಡು ವಾರ ಮುಂಚೆ, ಮೇ 16ಕ್ಕೇ ಶಾಲೆ ತೆರೆದರು. ಏಳು ವರ್ಷದ ಕೊರತೆಯನ್ನು ಹದಿನೈದು ದಿನದ ಸೇತುವೆ ತುಂಬುತ್ತದೆ ಎಂದು ನಂಬುವುದಾದರೆ ಸರಿ.

ಇನ್ನು ದಾರಿ. 2006–07ರಲ್ಲಿ ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇತ್ತದ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾದಾಗ ಅದರ ಹಿಂದೆ ನೆಲದ ತಿಳಿವಳಿಕೆ ಇತ್ತು. ಊರ ಸಾಲಿ ಮುಗಿದು ಹೈಸ್ಕೂಲು ದೂರವಾಗುವುದು ಆ ವರ್ಷವೇ, ಹೆಣ್ಣುಮಕ್ಕಳನ್ನು ಬಿಡಿಸುವುದೂ ಆ ವರ್ಷವೇ. ಕೋವಿಡ್ ಬಂದ ಮೇಲೆ ಸೈಕಲ್ ನಿಂತಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಬಸ್ಸು ಪುಕ್ಕಟೆಯಾಯಿತು. ಹುಡುಗರು ಪಾಸು ತೋರಿಸಬೇಕು. ಆದರೆ ಮೊದಲು ಬಸ್ಸು ನಿಲ್ಲಬೇಕಲ್ಲ? ಹುಣ್ಣಿಮೆ ಬಂತೆಂದರೆ ಸವದತ್ತಿಯ ಯಲ್ಲಮ್ಮನ ಗುಡ್ಡದ ಕಡೆ ಹೋಗುವ ಬಸ್ಸಿನೊಳಗೆ ಕಾಲಿಡಲು ಜಾಗ ಇರುವುದಿಲ್ಲ. ಪಾಟಿಚೀಲ ಹೊತ್ತ ಮಕ್ಕಳನ್ನು ನೋಡಿ ‘ಹಿಂದಿನ ಗಾಡಿಗೆ ಬರ್ರಿ’ ಎಂದು ಕೈಬೀಸಿ ಹೋಗುವ ಬಸ್ಸುಗಳನ್ನು ಈ ಭಾಗದಲ್ಲಿ ನೋಡದವರಿಲ್ಲ. ಮೊದಲ ಪಿರಿಯಡ್ ತಪ್ಪಿಸಿಕೊಳ್ಳುವ ಮಗು ಯಾವಾಗಲೂ ದೂರದ ಹಳ್ಳಿಯದು. ಮೊದಲ ಪಿರಿಯಡ್ ಗಣಿತವಾದರೆ ಮುಗಿಯಿತು.

ಮಳೆಯೂ ನಾಲ್ಕು ಕಡೆ ನಾಲ್ಕು ಬಗೆ. ಮಲೆನಾಡಿನ ಸೆರಗಿಗೆ ಹತ್ತಿಕೊಂಡ ಕಿತ್ತೂರಿನಲ್ಲಿ ಜುಲೈನ ಜಿಟಿಜಿಟಿಗೆ ವರ್ಗದಲ್ಲಿ ಹಗಲೇ ಕತ್ತಲು. ಅದೇ ಹೊತ್ತಿಗೆ ರಾಮದುರ್ಗದಲ್ಲಿ ರೈತರು ಮುಗಿಲು ನೋಡುತ್ತ ಕುಳಿತಿರುತ್ತಾರೆ. ರಾಮದುರ್ಗಕ್ಕೆ ನೀರು ಬರುವುದು ಮೇಲಿನಿಂದಲ್ಲ, ಪಡುವಣದಿಂದ. ಖಾನಾಪುರದ ಕಾಡಿನಲ್ಲಿ ಹೊಡೆದ ಮಳೆ ನವಿಲುತೀರ್ಥ ತುಂಬಿ ಹೊರಬಿದ್ದಾಗ. 2019ರ ಆಗಸ್ಟಿನಲ್ಲಿ ಹಾಗೇ ಆಯಿತು. ಮುನವಳ್ಳಿಯಿಂದ ರಾಮದುರ್ಗದ ತನಕ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿ ಮನೆಗಳು ಬಿದ್ದವು, ಶಾಲೆಗಳೇ ಪರಿಹಾರ ಕೇಂದ್ರಗಳಾದವು. ಬೆಂಚು ಸರಿಸಿ ಅಲ್ಲಿ ಚಾಪೆ ಹಾಸಿದರು. ಆ ವರ್ಷ ಎಂಟನೇತ್ತದಲ್ಲಿದ್ದ ಮಕ್ಕಳಿಗೆ ಮೊದಲ ಅವಧಿ ಹೊಳೆಪಾಲಾಯಿತು. ಅವರೇ ಒಂಬತ್ತಕ್ಕೆ ಬಂದಾಗ ಕೋವಿಡ್‌ನಿಂದ ಬಾಗಿಲು ಮುಚ್ಚಿತ್ತು. ಅಂಥ ಒಂದು ತಂಡ ಹತ್ತನೇತ್ತ ಮುಟ್ಟಿದ್ದೇ ಸಾಹಸ.

ಹೊಲದ ಪಂಚಾಂಗವೂ ಶಾಲೆಯ ಪಂಚಾಂಗಕ್ಕೆ ಹೊಂದುವುದಿಲ್ಲ. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ ಕಳೆಯುವುದರೊಳಗೆ ಕಳೆ ತೆಗೆಯುವ ಕೆಲಸ. ಪಂಚಮಿಯ ಜೋಕಾಲಿ ಇಳಿಸುತ್ತಿದ್ದಂತೆ ಹೆಸರುಕಾಯಿ ಬಿಡಿಸಬೇಕು. ಮಳೆ ಹೊಡೆದರೆ ಕಾಯಿ ಗಿಡದಲ್ಲೇ ಮೊಳಕೆಯೊಡೆಯುತ್ತದೆ, ಆದ್ದರಿಂದ ಮನೆಯ ಅಷ್ಟೂ ಕೈ ಹೊಲಕ್ಕೆ. ದಸರೆಯ ಹೊತ್ತಿಗೆ ಸೋಯಾ ಕಟಾವು, ಅದರ ಬೆನ್ನಿಗೇ ಹತ್ತಿ ಬಿಡಿಸುವುದು. ಹಾಜರಿ ಪುಸ್ತಕದಲ್ಲಿ ಆ ವಾರಗಳನ್ನು ಬೇರೆ ಗುರುತು ಮಾಡಬೇಕಿಲ್ಲ, ಅವು ತಾವೇ ಕಾಣುತ್ತವೆ. ‘ಎರಡ ದಿನ ಅಷ್ಟರಿ ಸರ್’ ಎಂದು ತಂದೆ ಹೇಳಿಹೋದದ್ದು ಹತ್ತು ದಿನವಾಗುತ್ತದೆ. ಆ ಹತ್ತು ದಿನದಲ್ಲಿ x ಬಂದು ಹೋಗಿರುತ್ತದೆ.

ಬಾಕ್ಸ್: ಹದಿನಾಲ್ಕರ ಗೆರೆ

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಉಚಿತ, ಕಡ್ಡಾಯ ಶಿಕ್ಷಣವನ್ನು 6ರಿಂದ 14 ವರ್ಷದವರಿಗೆ, 8ನೇ ತರಗತಿಯ ತನಕ ಮಾತ್ರ ಕೊಡುತ್ತದೆ. ನಮ್ಮಲ್ಲಿ 8 ಹೈಸ್ಕೂಲಿನ ಮೊದಲ ವರ್ಷ. ಅಂದರೆ ಹೈಸ್ಕೂಲಿನ ಮೊದಲ ವರ್ಷದ ತನಕ ಕಾಯ್ದೆ ಜೊತೆಗೆ ಬರುತ್ತದೆ, ಮುಂದೆ ಬರುವುದಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯೂ 14ಕ್ಕೇ ಗೆರೆ ಎಳೆದಿದೆ. ಅದರ ಒಳಗಿನವರನ್ನು ದುಡಿಸುವಂತಿಲ್ಲ, ಆದರೆ ಶಾಲೆ ಬಿಟ್ಟ ಮೇಲೆ ಮನೆಯ ಕಸುಬಿಗೆ ಕೈಜೋಡಿಸಬಹುದು. 14 ದಾಟಿದವರಿಗೆ ನಿಷೇಧವಿರುವುದು ಅಪಾಯಕಾರಿ ಕೆಲಸಗಳಿಗೆ ಮಾತ್ರ. ಓದಿಸುವ ಕಾಯ್ದೆ, ದುಡಿಸಬಾರದೆನ್ನುವ ಕಾಯ್ದೆ ಎರಡೂ ಕೈಬಿಡುವುದು ಒಂದೇ ವಯಸ್ಸಿನಲ್ಲಿ. ಬಿಸಿಯೂಟಕ್ಕೆ ಕೇಂದ್ರದ ಪಾಲು ಸಿಗುವುದೂ 8ರ ತನಕವೇ. 9, 10ನೇ ತರಗತಿಯ ಊಟ ರಾಜ್ಯದ ಖರ್ಚು.

ಈ ಸೀಮೆಗೆ ಓದು ಹೊಸದೇನಲ್ಲ. ಮುಂಬೈ ಪ್ರಾಂತದ ಕಾಲಕ್ಕೆ ಇಲ್ಲಿ ಏಳನೇತ್ತಕ್ಕೆ ಮುಲ್ಕಿ ಪರೀಕ್ಷೆ ಇತ್ತು. ಮುಲ್ಕಿ ಪಾಸಾದವನಿಗೆ ಕನ್ನಡ ಸಾಲಿ ಮಾಸ್ತರನಾಗುವ ಯೋಗ್ಯತೆ ಬಂತೆಂದೇ ಲೆಕ್ಕ. ಹಳೆಯ ತಲೆಮಾರಿನವರು ‘ನಮ್ಮ ಅಪ್ಪ ಮುಲ್ಕಿ ಆಗಿದ್ದ’ ಎಂದು ಈಗಲೂ ಎದೆಯುಬ್ಬಿಸಿ ಹೇಳುತ್ತಾರೆ. ಅಲ್ಲಿಗೆ ಕನ್ನಡದ ಓದು ಮುಗಿಯಿತು. ಮುಂದೆ ಬೇಕೆಂದರೆ ಇಂಗ್ಲಿಷ್ ಶಾಲೆ, ಮೆಟ್ರಿಕ್, ಅದಕ್ಕೆ ಬೆಳಗಾವಿ ಅಥವಾ ಧಾರವಾಡ. ಅಲ್ಲಿ ಊಟ, ವಸತಿಗೆ ದುಡ್ಡು ಯಾರು ಕೊಡಬೇಕು?

ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು ಆ ಪ್ರಶ್ನೆಗೆ ಸಿಕ್ಕ ದೊಡ್ಡ ಉತ್ತರ. 1861ರಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟರು. ಹತ್ತು ವರ್ಷಕ್ಕೆ, 1916ರಲ್ಲಿ, ಬೆಳಗಾವಿಯಲ್ಲಿ ಸಂಬಳದ ಆಸೆ ಬಿಟ್ಟ ತರುಣರು ಕೆಎಲ್ಇ ಸಂಸ್ಥೆ ಕಟ್ಟಿದರು. ಜನ ಅವರನ್ನು ಸಪ್ತರ್ಷಿಗಳೆಂದರು. ಅವರು ಮೊದಲು ಕೈಹಾಕಿದ್ದು ಹೈಸ್ಕೂಲಿಗೆ ಎಂಬುದನ್ನು ಗಮನಿಸಬೇಕು. ಕಾಲೇಜು ಬಂದದ್ದು 1933ರಲ್ಲಿ, ಅದಕ್ಕಿಟ್ಟ ಹೆಸರು ಲಿಂಗರಾಜರದು. ಹಳ್ಳಿಯ ಮಗು ಜಾರಿ ಬೀಳುವ ಜಾಗ ಯಾವುದೆಂದು ಆ ತಲೆಮಾರಿಗೆ ಗೊತ್ತಿತ್ತು. 1969ರಲ್ಲಿ ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ ತೆರೆದವರಿಗೂ ಗೊತ್ತಿದ್ದಿರಬೇಕು.

ಇಂದು ಆ ಜಾಗವನ್ನು ಎಫ್‌ಎ, ಎಸ್‌ಎ ಎಂಬ ಎರಡಕ್ಷರಗಳು ಕಾಯುತ್ತವೆ. ರೂಪಣಾತ್ಮಕ ಮೌಲ್ಯಮಾಪನ (ಎಫ್‌ಎ) ವರ್ಷಕ್ಕೆ ನಾಲ್ಕು, ಸಂಕಲನಾತ್ಮಕ (ಎಸ್‌ಎ) ಎರಡು. ಮೊದಲ ಅವಧಿಯ ಪಾಲಿಗೆ ಎರಡು ಎಫ್‌ಎ, ಒಂದು ಎಸ್‌ಎ. ಕಲ್ಪನೆ ಒಳ್ಳೆಯದೇ. ವರ್ಷದ ಕೊನೆಗೆ ಒಮ್ಮೆ ತಲೆ ತೆಗೆಯುವ ಬದಲು ಆಗಾಗ ನಾಡಿ ಹಿಡಿದು ನೋಡುವುದು, ಕಿರುಪರೀಕ್ಷೆಯ ಜೊತೆಗೆ ಚಟುವಟಿಕೆ ಮಾಡಿಸುವುದು. ಆಗುವುದೇ ಬೇರೆ. ‘ನಾಳೆ ಪ್ರಾಜೆಕ್ಟ್ ತರಬೇಕು’ ಎಂದ ಸಂಜೆ ಪೇಟೆಯ ಝೆರಾಕ್ಸ್ ಅಂಗಡಿಯ ಮುಂದೆ ಮಕ್ಕಳ ಪಾಳಿ. ಬೆಳೆಗಳ ಚಿತ್ರ, ನಾಣ್ಯಗಳ ಚಿತ್ರ, ಎಲ್ಲ ಅಲ್ಲೇ ತಯಾರು. ಅಂಟಿಸಿ, ಅಂಚಿಗೆ ಸ್ಕೆಚ್ ಪೆನ್ನಿನ ಗೆರೆ ಎಳೆದು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಅಪ್ಪನ ಹೊಲದಲ್ಲಿ ಹತ್ತಿ ನಿಂತಿರುವ ಹುಡುಗ ಗೂಗಲ್‌ನಿಂದ ಇಳಿಸಿದ ಹತ್ತಿಯ ಬಣ್ಣದ ಪ್ರಿಂಟ್ ತಂದು ಒಪ್ಪಿಸುತ್ತಾನೆ. ಒಂದು ಕಾಯಿ ಹರಿದುಕೊಂಡು ಬಾ ಎಂದಿದ್ದರೆ ಮುಗಿಯುತ್ತಿತ್ತು.

ಇದರ ನಡುವೆ ಎಂಟನೇತ್ತಕ್ಕೂ ಬೋರ್ಡ್ ಪರೀಕ್ಷೆ ಮಾಡಬೇಕೋ ಬೇಡವೋ ಎಂಬ ಹಗ್ಗಜಗ್ಗಾಟ ಕೋರ್ಟು ಮೆಟ್ಟಿಲೇರಿತು. 2022–23ರಲ್ಲಿ 5 ಮತ್ತು 8ನೇ ತರಗತಿಗೆ ಹಚ್ಚಿದ ಪರೀಕ್ಷೆ ಮರುವರ್ಷ 9ಕ್ಕೂ ಬಂತು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅರ್ಧವಾರ್ಷಿಕ ಬೋರ್ಡ್ ಪರೀಕ್ಷೆಯ ಫಲಿತಾಂಶಕ್ಕೆ ತಡೆ ಹಾಕಿ ರಾಜ್ಯವನ್ನು ತರಾಟೆಗೆ ತೆಗೆದುಕೊಂಡಿತು. ಪರೀಕ್ಷೆ ಬೇಕು ಎನ್ನುವವರ ಆತಂಕ ಸುಳ್ಳಲ್ಲ. ಏನೂ ಬರದಿದ್ದರೂ ಮುಂದಕ್ಕೆ ದಬ್ಬುವುದು ಮಗುವಿಗೆ ಮಾಡುವ ಉಪಕಾರವಲ್ಲ. ಆದರೆ ಜ್ವರ ಇದೆಯೆಂದು ತಿಳಿಯಲು ನಮಗೆ ಇನ್ನೊಂದು ಥರ್ಮಾಮೀಟರ್ ಬೇಕಾಗಿರಲಿಲ್ಲ. ಹೈಸ್ಕೂಲಿನ ಗಣಿತ ಮಾಸ್ತರರನ್ನು ಕೇಳಿದರೆ ಜುಲೈನಲ್ಲೇ ಯಾರು ಯಾರು ಎಂದು ಪಟ್ಟಿ ಕೊಡುತ್ತಾರೆ.

ಬಾಕ್ಸ್: ಕೋಟೆಯ ಪಕ್ಕದ ವರ್ಗ

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ರಾಣಿ ಚನ್ನಮ್ಮನ ಸೈನ್ಯದೆದುರು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ಕೋಟೆ ಬ್ರಿಟಿಷರ ಕೈಸೇರಿತು. ಸೆರೆಯಲ್ಲಿದ್ದ ಚನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಅವಳ ಸಮಾಧಿ ಅಲ್ಲೇ ಇದೆ. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣನ ಜನ್ಮದಿನವನ್ನು ಆಚರಿಸುವುದು ಆಗಸ್ಟ್ 15ರಂದು, ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಈ ಎರಡು ತಾರೀಖು ಇಲ್ಲಿನ ಯಾವ ಮಗುವಿಗೂ ಮರೆಯುವುದಿಲ್ಲ. ತಮಾಷೆಯೆಂದರೆ ಎಂಟನೇತ್ತದ ಇತಿಹಾಸ ಸಿಂಧೂ ನಾಗರಿಕತೆ, ಮೌರ್ಯ, ಗುಪ್ತ, ಚಾಲುಕ್ಯರನ್ನು ಸುತ್ತುತ್ತದೆ. ಪಠ್ಯದಲ್ಲಿ ಕಿತ್ತೂರಿನ ಹೋರಾಟ ವಿವರವಾಗಿ ಬರುವುದು ಹತ್ತನೇತ್ತಕ್ಕೆ.

ಕಿತ್ತೂರು ಉತ್ಸವ ಪ್ರತಿವರ್ಷ ಅಕ್ಟೋಬರ್ 23ರಿಂದ 25. ವರ್ಷದ ಎರಡನೇ ಅವಧಿ ಶುರುವಾಗುತ್ತಿದ್ದಂತೆಯೇ ಬರುವ ಹಬ್ಬ. ಲೇಜಿಮು, ಕೋಲಾಟಕ್ಕೆ ಮಕ್ಕಳು ತಾಲೀಮು ಮಾಡುತ್ತಾರೆ, ವೀರಜ್ಯೋತಿಗೆ ಸಾಲುಗಟ್ಟಿ ನಿಲ್ಲುತ್ತಾರೆ. ಮಾಡಲಿ, ಅದೂ ಕಲಿಕೆಯೇ. ‘ಆಧಾರಗಳು’ ಪಾಠದ ಮಕ್ಕಳನ್ನು ಅದೇ ದಿನ ಕೋಟೆಯೊಳಗೆ ಕರೆದೊಯ್ದು, ಉಳಿದ ಗೋಡೆಯ ದಪ್ಪ ಅಳೆಯಿರಿ, ನೀರು ಎಲ್ಲಿಂದ ಬರುತ್ತಿತ್ತು ಹುಡುಕಿರಿ ಎಂದರೆ ಒಂದು ಎಫ್‌ಎ ಚಟುವಟಿಕೆಯೂ ಮುಗಿಯಿತು. ಝೆರಾಕ್ಸ್ ಅಂಗಡಿಯವನಿಗೆ ಒಂದಿಷ್ಟು ನಷ್ಟ, ಅಷ್ಟೇ.

ಅಲ್ಲಿಂದ ಮುಂದೆ ದಿನಗಳು ಓಡುತ್ತವೆ. ದೀಪಾವಳಿ, ಕಬ್ಬಿನ ಹಂಗಾಮು, ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ. ಎತ್ತಿನ ಗಾಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಸವದತ್ತಿಯ ಗುಡ್ಡಕ್ಕೆ ಹೊರಟ ಮನೆಗಳಲ್ಲಿ ಮಕ್ಕಳೂ ಹೊರಡುತ್ತಾರೆ. ಏಪ್ರಿಲ್ ಎರಡನೇ ವಾರದೊಳಗೆ ವರ್ಷವೇ ಮುಗಿಯುತ್ತದೆ. ಹಿಂದೆ ಉಳಿದದ್ದನ್ನು ಹಿಡಿಯಲು ಸಮಯವಿರುವುದು ಎಸ್‌ಎ ಒಂದರ ಉತ್ತರಪತ್ರಿಕೆ ಕೈಗೆ ಬಂದ ಹೊತ್ತಿನಲ್ಲೇ.

‘ಸಮುದಾಯದತ್ತ ಶಾಲೆ’ ಎಂದು ಒಂದು ದಿನವಿದೆ. ತಂದೆತಾಯಿಯನ್ನು ಶಾಲೆಗೆ ಕರೆದು ಮಗುವಿನ ಉತ್ತರಪತ್ರಿಕೆ ತೋರಿಸುವ ದಿನ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಬಂದರೆ ಅರ್ಧ ಜನ ಬರುವುದಿಲ್ಲ. ಬಂದವರು ‘ಎಷ್ಟು ಮಾರ್ಕ್ಸ್ ಬಿದ್ದಾವ್ರಿ’ ಎಂದು ಕೇಳಿ ಸಹಿ ಮಾಡಿ ಎದ್ದು ಹೋಗುತ್ತಾರೆ. ಈ ಸಲ ಹೋದವರು ಗಣಿತದ ಪತ್ರಿಕೆಯನ್ನು ಮೊದಲು ಕೇಳಿ ಪಡೆಯಿರಿ. ಮೇಲಿನ ಅಂಕಿ ಬಿಟ್ಟು ಒಳಗಿನ ಹಾಳೆ ತಿರುವಿ. ತಪ್ಪು ಲೆಕ್ಕಗಳಿದ್ದರೆ ಚಿಂತೆಯಿಲ್ಲ, ಮಗು ಪ್ರಯತ್ನ ಮಾಡಿದೆ. x ಇರುವ ಪ್ರಶ್ನೆಗಳ ಕೆಳಗೆ ಬರೀ ಖಾಲಿ ಜಾಗ ಇದ್ದರೆ ಅಲ್ಲೇ ಮಾಸ್ತರರ ಮುಂದೆ ಕುಳಿತು, ವಾರಕ್ಕೆ ಯಾವ ಎರಡು ಸಂಜೆ ಮಗುವನ್ನು ಅರ್ಧ ತಾಸು ಹೆಚ್ಚು ಕೂರಿಸಿಕೊಳ್ಳುತ್ತೀರಿ ಎಂದು ಗೊತ್ತು ಮಾಡಿಕೊಂಡೇ ಬನ್ನಿ. ಕೊನೆಯ ಬಸ್ಸು ಎಷ್ಟಕ್ಕೆ ಎಂಬುದನ್ನೂ ಅವರಿಗೆ ಹೇಳಿಬನ್ನಿ.